ಮಳೆಗೂ ಇಂಚು, ಮಳೆಗೂ ಸೆಂಟು

ಮಾರ್ಚ್ ತಿಂಗಳಲ್ಲಿ ಕಾಫಿ ಸೀಮೆಯ ವನಗೂರಿನ ಕಡೆ ಒಂದು ಮಳೆ ಬಿದ್ದರೆ ಸಾಕು, ತೋಟದಿಂದ ತೋಟಕ್ಕೆ ಫೋನು ಶುರು. "ನಮ್ಮಲ್ಲಿ ಎಂಬತ್ತು ಸೆಂಟು. ನಿಮ್ಮಲ್ಲಿ ಎಷ್ಟಾಯ್ತು?" "ಒಂದಿಂಚು ದಾಟ್ತು ಕಣ್ರೀ!"

ಇಂಚಿನಲ್ಲಿ ಅಳೆಯುವುದು ಬಟ್ಟೆ, ಹಲಗೆ. ನೀರಿಗೆ ಲೀಟರು ಇಲ್ಲವೇ?

ಮಕ್ಕಳೇ, ಮಳೆಯದು ಆಳದ ಲೆಕ್ಕ. ಬಿದ್ದ ನೀರು ಹರಿಯದೆ, ಇಂಗದೆ, ಆರದೆ ಸಮತಟ್ಟು ನೆಲದ ಮೇಲೆ ಹಾಗೇ ನಿಂತಿದ್ದರೆ ಎಷ್ಟು ಎತ್ತರವಿರುತ್ತಿತ್ತೋ ಅಷ್ಟು ಮಳೆ. 25.4 ಮಿಲಿಮೀಟರ್ ನಿಂತರೆ ಒಂದು ಇಂಚು. ಅದರ ನೂರರಲ್ಲೊಂದು ಪಾಲು ಒಂದು ಸೆಂಟು. ಹವಾಮಾನ ಇಲಾಖೆ ಮಿಲಿಮೀಟರಿಗೆ ಬದಲಾಗಿ ಬಹಳ ಕಾಲವಾಯಿತು. ಬ್ರಿಟಿಷ್ ಪ್ಲಾಂಟರುಗಳ ಕಾಲದ ಇಂಚು ಮಾತ್ರ ಕಾಫಿ ತೋಟ ಬಿಟ್ಟು ಹೋಗಿಲ್ಲ. ಹೋಗಲೇಬೇಕೆಂದು ನನಗೂ ಅನ್ನಿಸಿಲ್ಲ.

ಈಗ ಒಂದು ತಮಾಷೆ. ಅಂಗಳದಲ್ಲಿ ನೆಟ್ಟಗೆ ಗೋಡೆಯಿರುವ ಸಣ್ಣ ಡಬ್ಬಿ, ದೊಡ್ಡ ಡಬ್ಬಿ ಎರಡನ್ನೂ ಇಡಿ. ದೊಡ್ಡದು ಹೆಚ್ಚು ನೀರು ಹಿಡಿಯುತ್ತದೆ, ಆದರೆ ಆ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಎರಡರಲ್ಲೂ ಎತ್ತರ ಒಂದೇ! ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಬಿಂದಿಗೆ ಇಟ್ಟರೆ ಲೆಕ್ಕ ತಪ್ಪುತ್ತದೆ. ಮರದಡಿ ಇಟ್ಟರೂ ಅಷ್ಟೇ.

ಹತ್ತು ಸೆಂಟನ್ನು ಬರಿಗಣ್ಣಿಗೆ ಅಳೆಯುವುದು ಹೇಗೆ? ಮಳೆಮಾಪಕದ ಮೇಲಿರುವ ಆಲಿಕೆಯ ಬಾಯಿ ಅಗಲ, ಕೆಳಗಿನ ಅಳತೆಗೊಳವೆ ಸಪೂರ. ಬಾಯಿಯ ವಿಸ್ತೀರ್ಣ ಕೊಳವೆಯ ಹತ್ತರಷ್ಟಿದ್ದರೆ ಒಂದಿಂಚು ಮಳೆ ಕೊಳವೆಯಲ್ಲಿ ಹತ್ತಿಂಚು ಏರುತ್ತದೆ. ಕೊಳವೆಯ ಗೆರೆಗಳನ್ನು ಅದಕ್ಕೆ ತಕ್ಕಂತೆ ದೂರ ದೂರ ಎಳೆದಿರುತ್ತಾರೆ.

ಇಷ್ಟು ಸೂಕ್ಷ್ಮ ಯಾಕೆಂದರೆ, ಬೇಸಿಗೆಯ ಒಣಹವೆಯಲ್ಲಿ ಕಾಫಿಯ ಮೊಗ್ಗು ನಿದ್ದೆಯಲ್ಲಿರುತ್ತದೆ. ಸುಮಾರು ಒಂದಿಂಚು ಹೂಮಳೆ ಬಿದ್ದರೆ ಎಚ್ಚೆತ್ತು, ವಾರ ಹತ್ತು ದಿನದಲ್ಲಿ ಗಿಡವೆಲ್ಲ ಬೆಳ್ಳಗಾಗುತ್ತದೆ. ಹತ್ತಿಪ್ಪತ್ತು ಸೆಂಟು ಹನಿದು ನಿಂತುಬಿಟ್ಟರೆ ಮೊಗ್ಗು ಅರಳದೆ ಕೆಡಬಹುದು. ಹೂವಾದ ಮೇಲೆ ಮತ್ತೆ ಕಾಯಿ ಕಚ್ಚಲು ಬೇಕಾದ 'ಬ್ಯಾಕಿಂಗ್' ಮಳೆಗಾಗಿ ಆಕಾಶ ನೋಡುವುದು ಇದ್ದೇ ಇದೆ.

ಲೀಟರನ್ನೂ ಮರೆಯುವುದು ಬೇಡ. ಒಂದು ಎಕರೆಯ ಮೇಲೆ ಒಂದಿಂಚು ಮಳೆ ಎಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಎಕರೆಯಲ್ಲೂ ನೂರು ಸೆಂಟು ಇದೆಯಲ್ಲ? ಹಾಗಾದರೆ ಒಂದು ಎಕರೆಗೆ ಒಂದು ಸೆಂಟು ಮಳೆ, ಒಂದು ಸೆಂಟು ಜಾಗಕ್ಕೆ ಒಂದಿಂಚು ಮಳೆ: ಇವೆರಡರಲ್ಲಿ ಯಾವುದರ ನೀರು ಹೆಚ್ಚು? ಅಪ್ಪನನ್ನು ಕೇಳುವ ಮೊದಲು ನೀವೇ ಲೆಕ್ಕ ಹಾಕಿ ನೋಡಿ.