ಜಾಣತನ ಅಂದರೆ ಯಾವುದು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಾವು ಭಾಷಣ ಬಿಗಿಯೋಕೆ ಬಂದಿಲ್ಲ. ನಾವೂ ಇಂಥದೇ ಹಾಸ್ಟೆಲಿನ ಮುದ್ದೆ ಉಂಡವರು. ತಗಡಿನ ಟ್ರಂಕನ್ನೇ ಮೇಜು ಮಾಡಿಕೊಂಡು ಓದಿದವರು. ಆ ಸಲಿಗೆಯಿಂದ ಒಂದೆರಡು ಮನೆಮಾತು ಆಡ್ತೀವಿ.

ಹಾಸ್ಟೆಲಿಗೆ ಕಾಲಿಟ್ಟ ದಿನದಿಂದ ಕಿವಿಗೆ ಬೀಳೋ ಮಾತು ಒಂದಿದೆ: 'ಅವನು ಸ್ಮಾರ್ಟ್ ಕಣೋ.' ಯಾರಪ್ಪ ಈ ಸ್ಮಾರ್ಟು? ಇಂಗ್ಲಿಷಿನಲ್ಲಿ ನಾಲ್ಕು ಮಾತು ಪಟಪಟ ಉದುರಿಸುವವನು. ಇಸ್ತ್ರಿ ಕೆಡದ ಷರ್ಟು ಹಾಕುವವನು. ವಾರ್ಡನ್ ಹತ್ತಿರ ನಯವಾಗಿ ಮಾತಾಡಿ ತನ್ನ ಕೆಲಸ ಮಾಡಿಸಿಕೊಳ್ಳುವವನು. 'ನೀವು ಯಾವ ಜನ?' ಅಂತ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ನುಣುಚಿಕೊಳ್ಳೋದು ಕಲಿತವನು. ಈಗ ಫೋನೂ ಸ್ಮಾರ್ಟು, ಕ್ಲಾಸೂ ಸ್ಮಾರ್ಟು, ಸಿಟಿಯೂ ಸ್ಮಾರ್ಟು. ಹಾಗಾದರೆ ನಮ್ಮ ಅಪ್ಪ ಅವ್ವ ಏನು? ದಡ್ಡರಾ? ಈ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳಿಕೊಳ್ಳುವುದಿಲ್ಲ. ಒಳಗೊಳಗೇ ಉತ್ತರ ಕೊಟ್ಟುಕೊಂಡುಬಿಡ್ತೀವಿ.

ನಮ್ಮಲ್ಲೊಬ್ಬನ ಕತೆ ಹೇಳ್ತೀವಿ. ಯಾರು ಅಂತ ಕೇಳಬೇಡಿ, ನಾವೇ ಅಂತ ಇಟ್ಟುಕೊಳ್ಳಿ. ಪಿಯುಸಿ ಓದುತ್ತಿದ್ದ. ಓದಿನಲ್ಲಿ ಮುಂದು. ಅವರೇಕಾಯಿ ಕಾಲ. ಒಂದು ಭಾನುವಾರ ಅವನ ಅಪ್ಪ ಟವಲ್ಲಿನಲ್ಲಿ ಅವರೇಕಾಯಿ ಗಂಟು ಕಟ್ಟಿಕೊಂಡು ಬಂದು ಹಾಸ್ಟೆಲ್ ಗೇಟಿನ ಹತ್ತಿರ ನಿಂತರು. ಬರಿಗಾಲು, ಮಂಡಿಯ ಮೇಲಕ್ಕೆ ಕಟ್ಟಿದ ಪಂಚೆ. ಅವತ್ತು ಇವನ ಜೊತೆ ಕಾಲೇಜಿನ ಗೆಳೆಯರಿಬ್ಬರು ಇದ್ದರು. ಊರೊಳಗಿನ ಮನೆಗಳ ಹುಡುಗರು. 'ಯಾರೋ ಅದು?' ಅಂದರು. ಇವನು ಅಂದ, 'ನಮ್ಮೂರೋನು.'

ಅಪ್ಪನ ಕಿವಿಗೆ ಬಿತ್ತು. ಆ ಮನುಷ್ಯ ಒಂದು ಗಳಿಗೆ ಮಗನ ಮುಖ ನೋಡಿದರು. ಆಮೇಲೆ ಆ ಹುಡುಗರ ಕಡೆ ತಿರುಗಿ, 'ಹೂಂ ಸ್ವಾಮಿ, ಇವರೂರೋನೇ. ಈ ಮಗೀನ ಅಪ್ಪ ಕೊಟ್ಟು ಕಳಿಸವ್ರೆ' ಅಂತ ಗಂಟು ಕೈಗಿತ್ತು ಬಸ್‌ಸ್ಟ್ಯಾಂಡ್ ಕಡೆ ಹೊರಟುಬಿಟ್ಟರು. ನೀರೂ ಕುಡಿಯಲಿಲ್ಲ.

ಈಗ ಹೇಳಿ ತಮ್ಮಂದಿರೇ. ಆ ಗೇಟಿನ ಹತ್ತಿರ ಜಾಣ ಯಾರು? ತೊಂಬತ್ತು ಮಾರ್ಕಿನ ಮಗನೋ? ಮಗನ ನಾಚಿಕೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿಕೊಂಡು, ತನ್ನ ಮಾನ ಕೊಟ್ಟು ಅವನ ಮಾನ ಉಳಿಸಿದ ಅಪ್ಪನೋ?

ಆ ಅಪ್ಪ ಊರಿನ ನೀರುಗಂಟಿ. ಅಕ್ಷರ ಬಾರದು. ಕೆರೆಯ ತೂಬಿನ ಕಲ್ಲಿಗೆ ನೀರು ಎಲ್ಲಿ ತಾಗಿದೆ ಅಂತ ನೋಡಿ, ಈ ಸಾರಿ ಭತ್ತಕ್ಕೆ ಸಾಕೋ, ರಾಗಿಗೆ ಮಾತ್ರವೋ ಅಂತ ಹೇಳುತ್ತಿದ್ದರು. ಯಾವ ಗದ್ದೆಯ ಮಣ್ಣು ಎಷ್ಟು ನೀರು ಕುಡಿಯುತ್ತದೆ, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು ಬೇಕು, ಎಲ್ಲ ತಲೆಯಲ್ಲಿತ್ತು. ಇದು ಲೆಕ್ಕ ಅಲ್ಲವಾ? ಕಾಗದದ ಮೇಲೆ ಬರೆದರೆ ಇಂಜಿನಿಯರಿಂಗು, ತೂಬಿನ ಹತ್ತಿರ ನಿಂತು ಮಾಡಿದರೆ ಕುಲಕಸುಬು!

ಹಾಗಂತ ನಾವು ಕುಲಕಸುಬಿಗೆ ಹಾರ ಹಾಕುತ್ತಿಲ್ಲ. ಊರಿನ ಗದ್ದೆಗೆಲ್ಲ ನೀರು ಹಂಚಿದ ಆ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಆತ ನೀರು ಬಿಟ್ಟ ಗದ್ದೆಗಳಲ್ಲಿ ಒಂದಾದರೂ ಆತನದಾಗಿರಲಿಲ್ಲ. ನೀವು ಓದಬೇಕು, ಆ ತೂಬಿನಿಂದ ಈಚೆ ಬರಬೇಕು. ಆದರೆ ಬರುವಾಗ 'ನಮ್ಮಪ್ಪನಿಗೆ ಬುದ್ಧಿ ಇರಲಿಲ್ಲ, ನನಗಿದೆ' ಅನ್ನೋ ಸುಳ್ಳನ್ನು ಹೊತ್ತು ತರಬೇಡಿ. ಬುದ್ಧಿ ಇತ್ತು. ಭೂಮಿ ಇರಲಿಲ್ಲ, ಬಾವಿ ಇರಲಿಲ್ಲ, ಶಾಲೆ ಇರಲಿಲ್ಲ.

ಬುದ್ಧಿಯನ್ನು ಅಳೆಯೋರು ಯಾರು ಅನ್ನೋದನ್ನೂ ನೋಡೋಣ. ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿದರು. 2004ರಲ್ಲಿ ಅದರ ವರದಿ ಬಂತು. ಮೇಲ್ಜಾತಿಯ 321 ಹುಡುಗರು, ನಮ್ಮಂಥ ಕೆಳಜಾತಿಯ 321 ಹುಡುಗರು, ಎಲ್ಲರೂ ಮಿಡ್ಲ್‌ಸ್ಕೂಲಿನವರು. ಕಾಗದದ ಮೇಲೆ ಸಿಕ್ಕುಸಿಕ್ಕಾದ ಗೆರೆಗಳ ನಡುವೆ ದಾರಿ ಹುಡುಕುವ ಆಟ ಕೊಟ್ಟರು. ಸರಿಯಾಗಿ ಹುಡುಕಿದವರಿಗೆ ದುಡ್ಡು. ಯಾರ ಜಾತಿ ಏನು ಅಂತ ಹೇಳದೇ ಆಡಿಸಿದಾಗ ಎರಡೂ ಕಡೆಯ ಹುಡುಗರು ಸರಿಸಮ. ಆಮೇಲೆ ಬೇರೆ ಗುಂಪುಗಳಲ್ಲಿ ಆಟಕ್ಕೆ ಮುಂಚೆ ಒಬ್ಬೊಬ್ಬನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಊರು, ಜಾತಿ ಎಲ್ಲರೆದುರು ಓದಿ ಹೇಳಿದರು. ಅಷ್ಟೇ. ಕೆಳಜಾತಿಯ ಹುಡುಗರು ಬಿಡಿಸಿದ ಆಟಗಳ ಸಂಖ್ಯೆ ಕುಸಿಯಿತು.

ಆ ಹುಡುಗರ ಮಿದುಳು ಅರ್ಧ ಗಂಟೆಯಲ್ಲಿ ಸಣ್ಣದಾಯಿತಾ? ಇಲ್ಲ. ಕುಗ್ಗಿಸಿದ್ದು ಜಾತಿಯ ಕೂಗು. ಈ ಕೂಗು ನಮಗೆ ಹೊಸದೇನಲ್ಲ. 'ಸ್ಕಾಲರ್‌ಶಿಪ್ ಫಾರಂ ಬಂದಿದೆ, ಎಸ್ಸಿ ಹುಡುಗರೆಲ್ಲ ಎದ್ದು ನಿಂತ್ಕೊಳ್ಳಿ' ಅಂತ ಮೇಷ್ಟ್ರು ಕೂಗಿದಾಗ ತಲೆ ತಗ್ಗಿಸಿ ಎದ್ದು ನಿಂತವರಲ್ಲವಾ ನಾವು? ಹಾಗೆ ನಿಂತವನಿಗೆ ಆಮೇಲೆ ಲೆಕ್ಕ ಕೇಳಿ, ತಡವರಿಸಿದರೆ 'ಮೆರಿಟ್ ಇಲ್ಲ' ಅಂತಾರೆ.

'ಹಾಗಾದರೆ ಜಾತಿ ಮುಚ್ಚಿಡೋದೇ ಜಾಣತನ ಅಲ್ವಾ ಅಣ್ಣ? ಹೇಳದಿದ್ದಾಗ ಸರಿಸಮ ಬಂದರಲ್ಲ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಡಿಗೆ ರೂಮಿಗೆ ಅಲೆದು ಸುಸ್ತಾಗಿ ಹೆಸರು ಬದಲಿಸಿ ಹೇಳಿದ ತಮ್ಮನನ್ನು ನಾವು ಬೈಯೋದಿಲ್ಲ. ಬಾಬಾಸಾಹೇಬರಿಗೇ ಆ ಗತಿ ಬಂದಿತ್ತು.

1917ರಲ್ಲಿ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲೂ ಕಲಿತು ಬಂದವರು. ಅವತ್ತಿನ ಇಂಡಿಯಾದಲ್ಲಿ ಅಷ್ಟು ಓದಿದವರು ಎಷ್ಟು ಜನ ಇದ್ದರು? ಆದರೂ ಊರಲ್ಲಿ ಇಳಿದುಕೊಳ್ಳೋಕೆ ಜಾಗ ಇಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಒಂದು ಡಜನ್ ಜನ ದೊಣ್ಣೆ ಹಿಡಿದು ಬಂದು ಮಹಡಿ ಹತ್ತಿದರು. ಜಾಗ ಖಾಲಿ ಮಾಡು ಅಂದರು. ರೈಲಿನ ಹೊತ್ತಿನವರೆಗೆ ಬಾಬಾಸಾಹೇಬರು ಸಾರ್ವಜನಿಕ ತೋಟದಲ್ಲಿ ಕೂತಿದ್ದರು. ಇದನ್ನು ಬೇರೆ ಯಾರೋ ಕಂಡುಹಿಡಿದು ಹೇಳಿದ್ದಲ್ಲ. ಅವರೇ ಬರೆದಿಟ್ಟಿದ್ದಾರೆ.

ಅಲ್ಲಿಂದ ಅವರು ಇನ್ನೂ ಚೆನ್ನಾಗಿ ಮುಚ್ಚಿಟ್ಟುಕೊಳ್ಳೋದು ಹೇಗೆ ಅಂತ ಕಲಿತರಾ? ಹತ್ತು ವರ್ಷದ ಮೇಲೆ, 1927ರ ಮಾರ್ಚ್ 20ರಂದು, ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದುಹೋಗಿ, ಎಲ್ಲರ ಕಣ್ಣೆದುರಿಗೆ ನೀರು ಕುಡಿದರು. ಹೊಡೆತ ಬಿತ್ತು. ಮೇಲ್ಜಾತಿಯವರು ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು. ಕೋರ್ಟಿಗೂ ಹೋದರು. ಆ ವ್ಯಾಜ್ಯ 1937ರವರೆಗೆ ನಡೆದು ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮವರೇ ಗೆದ್ದರು. ಬರೋಡಾದಲ್ಲಿ ಓದು ಒಬ್ಬನಿಗೆ ಒಂದು ಕೋಣೆ ಕೊಡಿಸಲಿಲ್ಲ. ಮಹಾಡಿನಲ್ಲಿ ಅದೇ ಓದು ಸಾವಿರಾರು ಜನಕ್ಕೆ ಒಂದು ಕೆರೆ ಕೊಡಿಸಿತು. ವ್ಯತ್ಯಾಸ ಎಲ್ಲಿದೆ? ಬರೋಡಾದಲ್ಲಿ ಅವರು ಒಬ್ಬರೇ ಇದ್ದರು. ಮಹಾಡಿನಲ್ಲಿ ಜನ ಇದ್ದರು. ಬೇರೆಯವರು ಕೂಗಿದಾಗ ನಮ್ಮನ್ನು ಕುಗ್ಗಿಸುವ ಅದೇ ಹೆಸರು, ನಾವು ಒಟ್ಟಾಗಿ ನಿಂತು ಹೇಳಿದಾಗ ಅವರ ಕೈಯ ಆಯುಧವಾಗಿ ಉಳಿಯೋದಿಲ್ಲ.

ನಮ್ಮ ಭಾಷೆಯಲ್ಲೇ ಮೂರು ಮಾತುಗಳಿವೆ: ಜಾಣ ಕುರುಡು, ಜಾಣ ಕಿವುಡು, ಜಾಣ ಮರೆವು. ಕಂಡರೂ ಕಾಣದ ಹಾಗೆ, ಕೇಳಿದರೂ ಕೇಳದ ಹಾಗೆ, ನೆನಪಿದ್ದರೂ ಮರೆತ ಹಾಗೆ ಇರೋದು. ಊರು ಕೇರಿಯನ್ನು ನೋಡಿಕೊಂಡು ಬಂದದ್ದು ಈ ಮೂರರಿಂದಲೇ. ಈಗ ನೌಕರಿ ಸಿಕ್ಕ ನಮ್ಮವರೂ ಅದೇ ಪಾಠ ಒಪ್ಪಿಸುತ್ತಿದ್ದಾರೆ. ಕೇರಿಯ ದಾರಿ ಕಂಡರೆ ಜಾಣ ಕುರುಡು. ಹಾಸ್ಟೆಲ್ ಹುಡುಗರ ಊಟಕ್ಕೆ ಹುಳ ಬಿದ್ದಿದೆ ಅಂದರೆ ಜಾಣ ಕಿವುಡು. ತಾನು ಯಾರ ಹೋರಾಟದ ಮೆಟ್ಟಿಲು ಹತ್ತಿ ಬಂದೆ ಅಂತ ಕೇಳಿದರೆ ಜಾಣ ಮರೆವು. 1956ರ ಮಾರ್ಚಿನಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆಯೇ ನೊಂದು ಮಾತಾಡಿದರು. ಹೊಟ್ಟೆ ತುಂಬಿಸಿಕೊಂಡು ಜನರನ್ನು ಮರೆತರು ಅನ್ನೋದು ಅವರ ಸಂಕಟ. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ಸಂಕಟಕ್ಕೆ ಉತ್ತರ ಕೊಡಬೇಕಾದವರು ನೀವು, ನಾವು.

ನಮ್ಮ ನಾಡಿನಲ್ಲೂ ನೋಡಿ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಗಲಾಟೆ ಎದ್ದಿತು, ಅವರ ಮಂತ್ರಿ ಪದವಿ ಹೋಯಿತು. ಅವರ ಪರ ನಿಂತ ನಮ್ಮ ವಿದ್ಯಾರ್ಥಿಗಳು ಏಟು ತಿಂದರು. 'ಸುಮ್ಮನಿರೋದು ಜಾಣತನ' ಅಂತ ಅವತ್ತೂ ಬುದ್ಧಿ ಹೇಳಿದವರು ಇದ್ದಿರಬೇಕು. ಸುಮ್ಮನಿರದ ಆ ಹುಡುಗರ ಸಿಟ್ಟಿನಿಂದಲೇ ದಲಿತ ಚಳುವಳಿ ಮೈತಳೆಯಿತು.

ಹಾಗಾದರೆ ಜಾಣತನ ಯಾವುದು? ನಮಗೆ ಕಂಡದ್ದು ಇಷ್ಟು. ಅರ್ಥವಾಗದಿದ್ದರೆ 'ಅರ್ಥವಾಗಲಿಲ್ಲ ಸಾರ್' ಅಂತ ಕ್ಲಾಸಿನಲ್ಲಿ ಎದ್ದು ನಿಂತು, ತಪ್ಪು ಇಂಗ್ಲಿಷಿನಲ್ಲಾದರೂ ಕೇಳೋದು ಜಾಣತನ. ನಿನಗೆ ಬಂದ ಲೆಕ್ಕವನ್ನು ಪಕ್ಕದ ಚಾಪೆಯವನಿಗೂ ಬರುವ ಹಾಗೆ ಮಾಡೋದು ಜಾಣತನ. ಫೇಲಾದ ತಂಗಿ ಗಂಟುಮೂಟೆ ಕಟ್ಟುವಾಗ 'ಇರು, ಸಪ್ಲಿಮೆಂಟರಿ ಕಟ್ಟೋಣ' ಅಂತ ತಡೆಯೋದು ಜಾಣತನ. ಹಾಸ್ಟೆಲಿಗೆ ಬಂದ ಅಕ್ಕಿ ಬೇಳೆಯ ಲೆಕ್ಕ ಕೇಳೋದು ಜಾಣತನ. ಮಾರ್ಕು ತೆಗೆಯಿರಿ, ಬೇಡ ಅನ್ನೋದಿಲ್ಲ. ಇಂಗ್ಲಿಷನ್ನೂ ಬಿಡದೆ ಕಲಿಯಿರಿ. ಆದರೆ ಒಬ್ಬನೇ ಪಾರಾಗೋದು ಚಾಲಾಕಿತನ. ಜೊತೆಯವರನ್ನೂ ದಾಟಿಸೋದು ಜಾಣತನ.

ಆ ನೀರುಗಂಟಿ ಈಗ ಇಲ್ಲ. 'ಅವತ್ತು ತಪ್ಪಾಯ್ತಪ್ಪ' ಅಂತ ಹೇಳಲು ಮಗನಿಗೆ ಬಾಯಿ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ಅದಕ್ಕೇ ಈ ಮಾತನ್ನು ಇಲ್ಲಿ, ನಿಮ್ಮೆದುರು ಹೇಳ್ತಿದ್ದೀವಿ.

ನಾಳೆ ಭಾನುವಾರ. ನಿಮ್ಮಲ್ಲಿ ಯಾರದೋ ಅಪ್ಪ, ಯಾರದೋ ಅವ್ವ ಗಂಟು ಹಿಡಿದು ಗೇಟಿನ ಹತ್ತಿರ ಬಂದು ನಿಲ್ತಾರೆ. ಒಳಗೆ ಕರೆದುಕೊಂಡು ಬನ್ನಿ. ಕುಡಿಯೋಕೆ ನೀರು ಕೊಡಿ. 'ಯಾರೋ ಅದು?' ಅಂತ ಯಾರಾದರೂ ಕೇಳ್ತಾರೆ.

ಏನು ಹೇಳ್ತೀರಿ?

ಜೈ ಭೀಮ್.