ಮೊಟ್ಟೆಯ ಗೂಡು ಬೇರೆ, ಕಾವಿನ ಗೂಡು ಬೇರೆ

(ಮಹಿಳಾ ಮಂಡಲದ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಹೊಲದ ಮಾತು ಬಂದರೆ ಗಂಡಸರು ಮುಂದೆ ಬಂದು ಕೂರುತ್ತಾರೆ; ಕೋಳಿಯ ಮಾತು ಬಂದರೆ ಮೆಲ್ಲಗೆ ಎದ್ದು ಹೋಗುತ್ತಾರೆ. ಇಂದು ಹಾಗೆ ಮಾಡಬೇಡಿ. ಹಿತ್ತಲಿನ ಐದಾರು ಕೋಳಿಗಳೇ ಮನೆಯೊಡತಿಯ ಕೈಗಂಟು. ಮಗುವಿನ ತಟ್ಟೆಗೆ ಮೊಟ್ಟೆ ಬರುವುದೂ ಸಂತೆಯ ದಿನ ಉಪ್ಪು ಮೆಣಸಿನ ಖರ್ಚು ಹುಟ್ಟುವುದೂ ಅದರಿಂದಲೇ. ಆ ಗಂಟು ಎಲ್ಲಿ ಸೋರುತ್ತಿದೆ ಎಂಬುದನ್ನು ಹೇಳಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೃಷಿ ಡಿಪ್ಲೊಮಾ ಮುಗಿಸಿ ಬಂದ ವರ್ಷ ನಮ್ಮ ಮನೆಯಲ್ಲಿ 6 ನಾಟಿ ಕೋಳಿಗಳಿದ್ದವು. ಎಲ್ಲಕ್ಕೂ ಕೊಟ್ಟಿಗೆಯ ಮೂಲೆಯ ಒಂದೇ ಬುಟ್ಟಿ. ಒಂದು ಕೋಳಿ ಅದರಲ್ಲೇ ಕಾವಿಗೆ ಕೂತಿತು. ‘ಕೂರಲಿ ಬಿಡಿ, ಮರಿಯಾಗುತ್ತವೆ’ ಎಂದೆ. ಉಳಿದ ಕೋಳಿಗಳೂ ದಿನವೂ ಅದೇ ಬುಟ್ಟಿಗೆ ನುಗ್ಗಿ ಮೊಟ್ಟೆಯಿಟ್ಟವು. 21 ದಿನಕ್ಕೆ 4 ಮರಿ ಹೊರಬಂದವು. ಅವು ಓಡಾಡತೊಡಗಿದೊಡನೆ ತಾಯಿ ಅವನ್ನು ಕರೆದುಕೊಂಡು ಅಂಗಳಕ್ಕಿಳಿಯಿತು. ಬುಟ್ಟಿಯಲ್ಲಿ ಉಳಿದ 15 ಮೊಟ್ಟೆಗಳು ತಣ್ಣಗಾದವು. ಒಡೆದು ನೋಡಿದರೆ ಒಂದೊಂದರಲ್ಲಿ ಒಂದೊಂದು ಹಂತಕ್ಕೆ ಬೆಳೆದು ಸತ್ತ ಮರಿ. ನನ್ನ ತಾಯಿ ಒಂದು ಮಾತೂ ಆಡದೆ ಅವನ್ನು ತಿಪ್ಪೆಯಲ್ಲಿ ಹೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಕ್ಕದ ಮನೆಯ ಅಜ್ಜಿ ಕೇಳಿದರು: ‘ನಿಮ್ಮ ಒಲೆಯಲ್ಲಿ ಇದ್ದಿಲು ಇರಲಿಲ್ಲವೇನಪ್ಪಾ?’ ಕಾವಿಗಿಡುವ ಮೊಟ್ಟೆಗಳಿಗೆಲ್ಲ ಇದ್ದಿಲಿನಿಂದ ಗೆರೆ ಎಳೆದು, ಒಂದೇ ದಿನ ಕೋಳಿಯ ಕೆಳಗಿಡುವುದು ಅವರ ರೂಢಿ. ಗೆರೆಯಿಲ್ಲದ ಮೊಟ್ಟೆ ಕಂಡರೆ ಅಂದೇ ಹೊರಗೆ. ನಾನು ಓದಿದ್ದನ್ನೆಲ್ಲ ಮರೆತಿದ್ದೆ. ಅವರು ಓದದೆಯೇ ತಿಳಿದಿದ್ದರು.

ಈಗ ವಿಷಯಕ್ಕೆ ಬರೋಣ. ಮೊಟ್ಟೆಯಿಡಲು ಒಂದು ಜಾಗ, ಕಾವಿಗೆ ಇನ್ನೊಂದು ಜಾಗ. ಇದಿಷ್ಟೇ ಸೂತ್ರ.

ಮೊಟ್ಟೆಯ ಗೂಡಿಗೆ ದುಡ್ಡು ಬೇಕಿಲ್ಲ. ಹಳೆಯ ಹಣ್ಣಿನ ಪೆಟ್ಟಿಗೆ ಸಾಕು. ಉದ್ದ, ಅಗಲ, ಎತ್ತರ ಒಂದೊಂದು ಅಡಿ ಇರಲಿ. ಮುಂದೆ 4 ಅಂಗುಲದ ಪಟ್ಟಿ ಹೊಡೆದರೆ ಹುಲ್ಲೂ ಮೊಟ್ಟೆಯೂ ಉರುಳವು. 4–5 ಕೋಳಿಗೆ ಒಂದು ಗೂಡು. ನೆಲದಿಂದ ಒಂದೂವರೆ ಅಡಿ ಮೇಲೆ, ನೆರಳಿನ ಮಬ್ಬುಗತ್ತಲ ಮೂಲೆಯಲ್ಲಿಡಿ. ಕೋಳಿ ರಾತ್ರಿ ಮಲಗುವ ಅಡ್ಡಗೋಲು ಗೂಡಿಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಗೂಡಿನಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಒಣಗಿದ ಬತ್ತದ ಹುಲ್ಲು ಹಾಸಿ, ಒದ್ದೆಯಾದೊಡನೆ ಬದಲಿಸಿ. ಬೇಲಿಯಲ್ಲಿ, ಬಣವೆಯಲ್ಲಿ ಮೊಟ್ಟೆಯಿಡುವ ಕೋಳಿಗೆ ಗೂಡಿನಲ್ಲಿ ಮೊಟ್ಟೆಯಂಥದೊಂದು ನುಣುಪು ಕಲ್ಲು ಇಟ್ಟು ತೋರಿಸಿ. ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ. ಮೊಟ್ಟೆಯ ರಾಶಿ ಕಂಡಷ್ಟೂ ಕೋಳಿಗೆ ಕಾವಿನ ಆಸೆ ಹೆಚ್ಚು.

ಕೋಳಿ ರಾತ್ರಿಯೂ ಗೂಡು ಬಿಡದೆ, ಕೈಯೊಡ್ಡಿದರೆ ಪುಕ್ಕ ಕೆದರಿ ಗುರುಗುಟ್ಟಿದರೆ ಕಾವಿಗೆ ಬಂದಿದೆಯೆಂದು ತಿಳಿಯಿರಿ. ಆಗ ನಿರ್ಧರಿಸಬೇಕಾದವರು ನೀವು, ಕೋಳಿಯಲ್ಲ. ಮರಿ ಬೇಕೇ, ಮೊಟ್ಟೆ ಬೇಕೇ? ನಾಟಿ ಕೋಳಿ ಒಂದು ಸರದಿಗೆ 12–15 ಮೊಟ್ಟೆಯಿಟ್ಟು ಕೂತರೆ, ಕಾವಿನ 3 ವಾರ, ಮರಿಗಳ ಹಿಂದೆ ಓಡಾಡುವ ಎರಡು ಮೂರು ತಿಂಗಳು, ಅದರಿಂದ ಮೊಟ್ಟೆ ಸಿಗುವುದಿಲ್ಲ. ಮೂರು ಕೋಳಿ ಒಟ್ಟಿಗೆ ಕೂತರೆ ಆ ಮನೆಯ ಮಕ್ಕಳಿಗೆ ಮೊಟ್ಟೆಯೆಲ್ಲಿ?

ಮರಿ ಬೇಕಾದರೆ ಹಿಂದೆ ಮರಿ ಸಾಕಿ ತೋರಿಸಿದ ಶಾಂತ ಕೋಳಿಯನ್ನು ಆರಿಸಿ. ಅಗಲ ಬುಟ್ಟಿಯಲ್ಲಿ ಒಲೆಯ ಬೂದಿ ಚಿಮುಕಿಸಿ, ಹುಲ್ಲು ಹಾಸಿ, ಹೇನು ಬಾರದಂತೆ ಬೇವಿನ ಸೊಪ್ಪು ಸೇರಿಸಿ. ಗುಡುಗಿಗೆಂದು ಕಬ್ಬಿಣದ ಚೂರು ಇಡುವವರು ಇಡಲಿ. ಬೇವನ್ನು ಮಾತ್ರ ಮರೆಯಬಾರದು. ಕತ್ತಲಾದ ಮೇಲೆ ಕೋಳಿಯನ್ನೆತ್ತಿ ಅಲ್ಲಿಗೆ ಸಾಗಿಸಿ. ಹುಂಜವಿರುವ ಹಿಂಡಿನ, ವಾರಕ್ಕಿಂತ ಹಳೆಯದಲ್ಲದ, ತೊಳೆಯದ, ಬಿರುಕಿಲ್ಲದ 10–12 ಮೊಟ್ಟೆ ಸಾಕು. ಅವನ್ನು ಕೂಡಿಡುವಾಗ ಒದ್ದೆ ಮರಳಿನ ಮೇಲೆ ಮಣ್ಣಿನ ಕುಡಿಕೆಯಿಟ್ಟು ಅದರೊಳಗಿಡಿ. ಕಡುಬೇಸಗೆಯಲ್ಲಿ ಹೊರಗಿಟ್ಟ ಮೊಟ್ಟೆ ಅರ್ಧಂಬರ್ಧ ಬೆಳೆದು ಕೆಡುತ್ತದೆ.

ಕಾಳು, ನೀರು ಬುಟ್ಟಿಯ ಹತ್ತಿರವೇ ಇರಲಿ. ದಿನಕ್ಕೊಮ್ಮೆ ಎದ್ದು ತಿಂದು, ಮಣ್ಣಿನಲ್ಲಿ ಹೊರಳಿ ಬರಲಿ. 7ನೆಯ ರಾತ್ರಿ ಟಾರ್ಚಿನ ಮುಂದೆ ಮೊಟ್ಟೆ ಹಿಡಿದು ನೋಡಿ. ಜೇಡನಂತೆ ಕೆಂಪು ನರ ಹರಡಿದ್ದರೆ ಮರಿಯಿದೆ, ತಿಳಿಯಾಗಿದ್ದರೆ ತೆಗೆದುಬಿಡಿ. ಕೊನೆಯ ಮೂರು ದಿನ ಮುಟ್ಟಲೇಬೇಡಿ. ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಮರಿ ಬೇಡವಾದರೆ ಕಾವು ಬಿಡಿಸಬೇಕು. ಮೂಗಿಗೆ ಪುಕ್ಕ ಚುಚ್ಚುವುದು, ನೀರಿನಲ್ಲಿ ಅದ್ದುವುದು ಕೆಲವೆಡೆ ಉಂಟು. ದಯವಿಟ್ಟು ಬಿಡಿ. ಕೋಳಿ ತಪ್ಪು ಮಾಡಿಲ್ಲ, ಅದರ ಮೈಗುಣ ಅದು. ಬಿದಿರಿನ ಸಂದುಸಂದಾದ ತಳದ ಪಂಜರವನ್ನು ನಾಲ್ಕು ಕಲ್ಲಿನ ಮೇಲೆತ್ತಿಟ್ಟು, ಹುಲ್ಲು ಹಾಸದೆ, ಬೆಳಕಿರುವ ನೆರಳಿನಲ್ಲಿ 3–4 ದಿನ ಕೂಡಿ. ಕಾಳು, ನೀರು ಎಂದಿನಂತೆ ಕೊಡಿ. ಹೊಟ್ಟೆಗೆ ತಂಗಾಳಿ ತಗುಲಿದರೆ ಕಾವು ತಾನೇ ಇಳಿಯುತ್ತದೆ. ಮೊದಲ ದಿನವೇ ಕೂಡಿದರೆ ಬೇಗ ಬಿಡುತ್ತದೆ, ಬೇಗ ಮೊಟ್ಟೆಗೆ ಬರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳನ್ನು ನಿಮ್ಮಲ್ಲಿ ಕೆಲವರು ಸಾಕಿದ್ದೀರಿ. ಅವು ನಾಟಿಗಿಂತ ಹೆಚ್ಚು ಮೊಟ್ಟೆ ಕೊಡುತ್ತವೆ. ಆದರೆ ಕಾವಿಗೆ ಕೂರುವುದು ಅಪರೂಪ. ಆದ್ದರಿಂದ ಒಳ್ಳೆಯ ನಾಟಿ ತಾಯಿಕೋಳಿ ಇದ್ದರೆ ಹಬ್ಬಕ್ಕೆಂದು ಕೊಯ್ಯಬೇಡಿ, ಮಾರಬೇಡಿ.

ಇಂದು ಮನೆಗೆ ಹೋದೊಡನೆ ಬುಟ್ಟಿಯಲ್ಲಿ ಕೈಹಾಕಿ ನೋಡಿ. ಮೊಟ್ಟೆ ಎಷ್ಟಿವೆ, ಯಾವ ದಿನದವು ಎಂದು ಹೇಳಲಾಗದಿದ್ದರೆ ಒಲೆಯಿಂದ ಒಂದು ತುಂಡು ಆರಿದ ಇದ್ದಿಲು ತೆಗೆದುಕೊಳ್ಳಿ. ಅಜ್ಜಿ ನನಗೆ ಕಲಿಸಿದ ಪಾಠ ಅದೇ. ನಿಮಗೂ ಅದನ್ನೇ ಕೊಟ್ಟು ಹೋಗುತ್ತೇನೆ.