ಕೊನೆ ಲ್ಯಾಪ್‌ವರೆಗೂ ಓಡ್ಬೇಕಂದ್ರೆ: ರಿಮೋಟ್ ರೇಸ್ ಕಾರಿನ ಬ್ಯಾಟರಿ ಲೆಕ್ಕ

ಬಸ್ಸಲ್ಲಿ ಕೂತು ಕೇಳ್ತಿರೋರು ಇಯರ್‌ಫೋನ್ ಸ್ವಲ್ಪ ಸರಿ ಮಾಡ್ಕೊಳ್ಳಿ. ಮೊದಲು ಒಂದು ಸದ್ದು ಕೇಳಿಸ್ತೀನಿ.

[ಮೋಟರ್ ಸದ್ದು]

ಕೇಳಿಸ್ತಾ? 'ವೀಈಈ' ಅಂತ ಹೋಗ್ತಾ ಇದ್ದಿದ್ದು ಮಂಕಾಗಿ, ಆಮೇಲೆ ನಿಂತೇ ಹೋಯ್ತಲ್ಲ, ಅದು ನನ್ನ ಕಾರು. ರಿಮೋಟ್ ಕಂಟ್ರೋಲ್ ರೇಸ್ ಕಾರು, ನಿಜವಾದ ಕಾರಿನ ಹತ್ತನೇ ಒಂದು ಭಾಗದ ಅಳತೆ. ಆಟದ ಸಾಮಾನು ಅಂತ ನಗಬೇಡಿ, ಆ ಡೈಲಾಗ್ ನಮ್ಮಮ್ಮ ದಿನಾ ಹೊಡೀತಾರೆ.

ಬೆಂಗಳೂರಿನ ಹೊರಗಡೆ ಒಂದು ಲೇಔಟ್ ಇದೆ. ಟಾರು ರಸ್ತೆ ಆಗಿದೆ, ಮನೆ ಒಂದೂ ಎದ್ದಿಲ್ಲ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಾವು ಏಳು ಜನ ಅಲ್ಲಿ ಸೇರ್ತೀವಿ. ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಬರೀತೀವಿ, ಹಳೇ ಟೈರು ಇಟ್ಟು ತಿರುವು ಮಾಡ್ತೀವಿ. ಫೈನಲ್ 12 ನಿಮಿಷ. ರೂಲ್ ಒಂದೇ: ಒಂದು ಬ್ಯಾಟರಿ, ಮಧ್ಯ ಬದಲಾಯಿಸೋ ಹಾಗಿಲ್ಲ. ಆವತ್ತು ನಾನು ಎರಡನೇ ಜಾಗದಲ್ಲಿದ್ದೆ. 10 ನಿಮಿಷ 40 ಸೆಕೆಂಡಿಗೆ ಕಾರು ನಿಂತೋಯ್ತು. ಉಳಿದ ಒಂದೂ ಚಿಲ್ಲರೆ ನಿಮಿಷ ಬೇರೆಯವರ ಕಾರು ನನ್ನ ಕಾರಿನ ಪಕ್ಕ ಹಾದು ಹೋಗೋದನ್ನ ನೋಡ್ತಾ ನಿಂತಿದ್ದೆ.

ಅದಾದ ಮೇಲೆ ಮಾಡಿದ ತಪ್ಪೇ ಇವತ್ತಿನ ಎಪಿಸೋಡಿಗೆ ಕಾರಣ.

ನಮ್ಮ ಕಾರಲ್ಲಿ ಇರೋದು ಲಿಥಿಯಂ ಪಾಲಿಮರ್ ಬ್ಯಾಟರಿ, ಎಲ್ರೂ ಲೈಪೋ ಅಂತಾರೆ. ಒಂದು ಸೆಲ್ ಫುಲ್ ಚಾರ್ಜ್ ಆದಾಗ 4.2 ವೋಲ್ಟ್. ಓಡ್ತಾ ಓಡ್ತಾ ಇಳಿಯುತ್ತೆ. 3.2ರ ಆಸುಪಾಸು ಬಂದಾಗ ಕಾರಿನೊಳಗಿನ ಸ್ಪೀಡ್ ಕಂಟ್ರೋಲರ್ ಮೋಟರನ್ನ ತಾನೇ ನಿಲ್ಸುತ್ತೆ. ಅದಕ್ಕೆ ಕಟ್‌ಆಫ್ ಅಂತಾರೆ. ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋದ್ರೆ ಒಳಗೆ ಹಾಳಾಗೋಕೆ ಶುರು ಆಗುತ್ತೆ, ಅದನ್ನ ತಡೆಯೋಕೇ ಇರೋ ಏರ್ಪಾಟು ಅದು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಭಾನುವಾರ ಸೆಟ್ಟಿಂಗ್‌ಗೆ ಹೋಗಿ ಕಟ್‌ಆಫನ್ನ ಆಫ್ ಮಾಡ್ದೆ. ಇನ್ನೊಂದೂವರೆ ನಿಮಿಷ ತಾನೇ, ಹೆಂಗೋ ಎಳ್ಕೊಂಡು ಹೋಗುತ್ತೆ ಅಂತ.

ಅದೂ ನನ್ನ ಬ್ಯಾಟರಿ ಅಲ್ಲ. ಕಾಲೇಜು ಗೆಳೆಯಂದು, ಹೊಸದು, ಕೇಳಿ ತಗೊಂಡಿದ್ದು.

ರೇಸೇನೋ ಮುಗೀತು. ಮನೆಗೆ ಬಂದು ಚಾರ್ಜರ್‌ಗೆ ಹಾಕಿದ್ರೆ ತಗೊಳ್ತಾನೇ ಇಲ್ಲ, ಲೋ ವೋಲ್ಟೇಜ್ ಅಂತ ಬೀಪ್ ಬೀಪ್. ಮೀಟರ್ ಇಟ್ಟು ನೋಡಿದ್ರೆ ಒಂದು ಸೆಲ್ 2.4 ವೋಲ್ಟ್. ಸಂಜೆ ಹೊತ್ತಿಗೆ ಪ್ಯಾಕು ಪೂರಿ ಥರ ಉಬ್ಬಿ, ಪ್ಲಾಸ್ಟಿಕ್ ಕೇಸು ಅಂಚಲ್ಲಿ ಬಿಟ್ಕೊಂಡಿತ್ತು. ಇಂಥ ಬ್ಯಾಟರಿಗೆ ಬೇರೆ ಮೋಡಲ್ಲಿ ಒಂಚೂರು ಚಾರ್ಜ್ ತುಂಬಿ ಎಬ್ಬಿಸಬಹುದು ಅಂತ ಹೇಳೋರು ಸಿಗ್ತಾರೆ. ದಯವಿಟ್ಟು ಮಾಡ್ಬೇಡಿ. ಉಬ್ಬಿದ ಲೈಪೋ ಹೊತ್ಕೊಂಡ್ರೆ ನೀರು ಹಾಕಿ ಸುಲಭಕ್ಕೆ ಆರಿಸೋ ಬೆಂಕಿ ಅಲ್ಲ ಅದು. ನಾನು ಮರಳು ತುಂಬಿದ ಬಕೆಟ್ಟಲ್ಲಿ ಇಟ್ಟು ಟೆರೇಸಿಗೆ ತಗೊಂಡು ಹೋದೆ. ಆಮೇಲೆ ಇ-ವೇಸ್ಟ್ ತಗೊಳ್ಳೋರಿಗೆ ಕೊಟ್ಟೆ. ಮನೆ ಕಸದ ಗಾಡಿಗೆ ಮಾತ್ರ ಹಾಕ್ಬೇಡಿ, ಅಲ್ಲಿ ಕೆಲಸ ಮಾಡೋರ ಕೈಲಿ ಅದು ಹೊತ್ಕೊಳ್ಳಬಹುದು.

ಗೆಳೆಯನಿಗೆ ಫೋನ್ ಮಾಡಿ ಹೇಳ್ದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಮಗಾ, ಕಟ್‌ಆಫ್ ತೆಗೆದ್ಯಾ?" ಅಂದ. ಹ್ಞೂಂ ಅಂದೆ. ಫೋನ್ ಇಟ್ಟ. ಹೊಸ ಬ್ಯಾಟರಿ ತಂದು ಕೊಟ್ಟೆ, 3,500 ರೂಪಾಯಿ. ದುಡ್ಡಿನ ವಿಷಯ ಮುಗೀತು. ಅವನು ಸರಿಯಾಗಿ ಮಾತಾಡೋಕೆ ಇನ್ನೂ ಮೂರು ವಾರ ಹಿಡೀತು.

ಆ ಮೂರು ವಾರ ನಾನು ಕೂತು ಲೆಕ್ಕ ಬರೆದೆ. ಬಿ.ಕಾಂ. ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ ಅಂತ.

ನಮ್ಮ ಹವ್ಯಾಸದಲ್ಲಿ ಪಾಸ್‌ಬುಕ್ ಅಂದ್ರೆ ಚಾರ್ಜರ್. ರೇಸ್ ಮುಗಿದ ಮೇಲೆ ಚಾರ್ಜ್‌ಗೆ ಹಾಕಿದ್ರೆ, ಎಷ್ಟು ಎಂಎಎಚ್ ವಾಪಸ್ ತುಂಬಿದೆ ಅಂತ ಅದರ ಸ್ಕ್ರೀನ್ ಮೇಲೆ ಬರುತ್ತೆ. ಆ ನಂಬರನ್ನ ಓಡಿಸಿದ ನಿಮಿಷದಿಂದ ಭಾಗಿಸಿ. ನಿಮ್ಮ ಕಾರು ನಿಮಿಷಕ್ಕೆ ಎಷ್ಟು ತಿನ್ನುತ್ತೆ ಅಂತ ಗೊತ್ತಾಗುತ್ತೆ. ಮೊದಲನೇ ರೇಸಲ್ಲಿ ನನ್ನ ಕಾರು ನಿಂತಾಗ ಚಾರ್ಜರ್ ತುಂಬಿದ್ದು 4,180. ಅಂದ್ರೆ ನಿಮಿಷಕ್ಕೆ ಸುಮಾರು 392. 12 ನಿಮಿಷಕ್ಕೆ ಬೇಕಾಗಿದ್ದು 4,700. ಪ್ಯಾಕ್ ಮೇಲೆ 5,000 ಅಂತ ಇದೆ, ಸಾಲಬೇಕಿತ್ತಲ್ವಾ? ಸಾಲಲ್ಲ. 5,000ದಲ್ಲಿ 4,000 ಮಾತ್ರ ನಮ್ಮದು ಅಂದ್ಕೋಬೇಕು. ಉಳಿದ 1,000 ಬ್ಯಾಂಕಿನ ಮಿನಿಮಮ್ ಬ್ಯಾಲೆನ್ಸ್ ಇದ್ದ ಹಾಗೆ. ಮುಟ್ಟಿದ್ರೆ ದಂಡ. ಆ ದಂಡ ಎಷ್ಟು ಅಂತ ಆಗ್ಲೇ ಹೇಳ್ದೆ.

ಹಾಗಾಗಿ ನನ್ನ ಪ್ರಶ್ನೆ ಬದಲಾಯ್ತು. ದೊಡ್ಡ ಬ್ಯಾಟರಿ ಎಲ್ಲಿ ಸಿಗುತ್ತೆ ಅನ್ನೋದಲ್ಲ, 392ನ್ನ 333ಕ್ಕೆ ಹೇಗೆ ಇಳಿಸೋದು ಅನ್ನೋದು. ಯಾಕಂದ್ರೆ 4,000 ಭಾಗಿಸು 12, ಉತ್ತರ 333.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ನಂಗೆ ತುಂಬ ಇಷ್ಟವಾದ ವಿಷಯ ಇದು. 1984ರಲ್ಲಿ ಜಪಾನಿನ ಟಮಿಯಾ ಕಂಪನಿಯ ಗ್ರಾಸ್‌ಹಾಪರ್, ಹಾರ್ನೆಟ್ ಅನ್ನೋ ಕಾರುಗಳು ಬಂದವು. ಅಮೆರಿಕದಲ್ಲಿ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂದಿದ್ದೂ ಅದೇ ವರ್ಷ. ಆಗ ಇದ್ದಿದ್ದು ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ. ಆರು ಸೆಲ್, 7.2 ವೋಲ್ಟ್, 1,200 ಎಂಎಎಚ್. ಶಕ್ತಿ ಲೆಕ್ಕದಲ್ಲಿ ಸುಮಾರು 8.6 ವ್ಯಾಟ್ ಅವರ್. ಇವತ್ತು ನನ್ನ ಪ್ಯಾಕಲ್ಲಿರೋದು 7.4 ವೋಲ್ಟ್, 5,000 ಎಂಎಎಚ್, ಅಂದ್ರೆ 37 ವ್ಯಾಟ್ ಅವರ್. ನಾಲ್ಕು ಪಟ್ಟಿಗಿಂತ ಜಾಸ್ತಿ! ಆ ಕಾಲದವರು ಅಷ್ಟರಲ್ಲೇ ಪೂರ್ತಿ ರೇಸ್ ಮುಗಿಸಬೇಕಿತ್ತು. ಕೊನೇಲಿ ಬ್ಯಾಟರಿ ಖಾಲಿ ಆಗಿ ಕಾರು ತೆವಳೋದಕ್ಕೆ ಇಂಗ್ಲಿಷಲ್ಲಿ 'ಡಂಪ್' ಅಂತ ಪದಾನೇ ಹುಟ್ಕೊಂಡಿತ್ತು. ಶುರುವಿಂದ ಹಾರ್ಕೊಂಡು ಹೋದವನು ಕೊನೆ ನಿಮಿಷದಲ್ಲಿ ತೆವಳ್ತಿದ್ದ, ಹಿಂದೆ ಸುಮ್ಮನೆ ಬರ್ತಿದ್ದವನು ಗೆಲ್ತಿದ್ದ. ಬ್ಯಾಟರಿ ಪೂರ್ತಿ ಖಾಲಿ ಮಾಡಿ ಹೊಸದಾಗಿ ತುಂಬೋಕೆ ನಿಜವಾದ ಕಾರಿನ ಬಲ್ಬುಗಳನ್ನ ಜೋಡಿಸಿ ಉರಿಸ್ತಿದ್ರಂತೆ. ಹಾಗೇ ಸಮಾನ ಗುಣದ ಸೆಲ್‌ಗಳನ್ನ ಅಳೆದು ಆರಿಸಿ ಜೋಡಿ ಮಾಡಿ ಮಾರೋದೇ ಒಂದು ವ್ಯಾಪಾರ ಆಗಿತ್ತು.

ಇವತ್ತಿನ ದೊಡ್ಡ ರೇಸರ್‌ಗಳಿಗೆ ಈ ತಲೆನೋವು ಹೆಚ್ಚುಕಮ್ಮಿ ಇಲ್ಲ. ಐದು ನಿಮಿಷದ ರೇಸಿಗೆ ಲೈಪೋ ಬೇಕಾದಷ್ಟಾಯ್ತು. ಹಗುರ ಆಗ್ಲಿ ಅಂತ ಚಿಕ್ಕ ಪ್ಯಾಕ್ ಹಾಕ್ಕೊಳ್ಳೋರೇ ಇದ್ದಾರೆ. ತಲೆನೋವು ಇರೋದು ನಮ್ಮಂಥೋರಿಗೆ. ಒಂದೇ ಬ್ಯಾಟರಿ, ಲೇಔಟಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ರೇಸ್ ಮಾತ್ರ ಉದ್ದ. ಆದ್ರೆ ಆ ಹಳಬರು ಮಾಡ್ತಿದ್ದ ಉಪಾಯ ಎಲ್ಲಾ ಇವತ್ತಿಗೂ ನಡೆಯುತ್ತೆ.

ಮೊದಲನೇದು, ಎಲ್ಲಕ್ಕಿಂತ ದೊಡ್ಡದು, ಗೇರು. ಮೋಟರ್ ತುದೀಲಿರೋ ಚಿಕ್ಕ ಹಲ್ಲಿನ ಚಕ್ರ ಪಿನಿಯನ್. ಅದು ತಿರುಗಿಸೋ ದೊಡ್ಡ ಚಕ್ರ ಸ್ಪರ್. ನನ್ನ ಕಾರಲ್ಲಿ ಸ್ಪರ್‌ಗೆ 87 ಹಲ್ಲು, ಪಿನಿಯನ್‌ಗೆ 23. ಸ್ಪೀಡ್ ಬರ್ಲಿ ಅಂತ ನಾನೇ ದೊಡ್ಡ ಪಿನಿಯನ್ ಹಾಕಿದ್ದೆ. ಗೇರ್ ಸೈಕಲ್ ಓಡಿಸಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ: ಟಾಪ್ ಗೇರಲ್ಲೇ ನಿಂತ ಜಾಗದಿಂದ ಪೆಡಲ್ ತುಳಿದ್ರೆ ತೊಡೆ ಹರಿದೋಗುತ್ತೆ. ಮೋಟರ್‌ಗೂ ಹಾಗೇ. ತಿರುವು ಜಾಸ್ತಿ ಇರೋ ನಮ್ಮ ಟ್ರ್ಯಾಕಲ್ಲಿ ಪ್ರತಿ ತಿರುವಿಂದ ಎದ್ದು ಹೊರಡುವಾಗ ಮೋಟರ್ ವಿಪರೀತ ಕರೆಂಟ್ ಎಳೀತಿತ್ತು. ಕರೆಂಟ್ ಎರಡು ಪಟ್ಟಾದ್ರೆ ವೈರು, ಮೋಟರ್ ಸುರುಳಿ ಬಿಸಿಯಾಗಿ ಕಳೆದುಹೋಗೋ ಶಕ್ತಿ ಎರಡಲ್ಲ, ನಾಲ್ಕು ಪಟ್ಟು ಆಗುತ್ತೆ. ಕ್ರೆಡಿಟ್ ಕಾರ್ಡ್ ಬಡ್ಡಿ ಇದಕ್ಕಿಂತ ವಾಸಿ.

20 ಹಲ್ಲಿನ ಪಿನಿಯನ್ ಹಾಕ್ದೆ. ಟಾಪ್ ಸ್ಪೀಡ್ ಲೆಕ್ಕಕ್ಕೆ 13 ಪರ್ಸೆಂಟ್ ಕಮ್ಮಿ ಆಗುತ್ತೆ. ಆದ್ರೆ ಲ್ಯಾಪ್ 21 ಸೆಕೆಂಡ್ ಇದ್ದಿದ್ದು 21.2 ಆಯ್ತು, ಅಷ್ಟೇ. ಟಾಪ್ ಸ್ಪೀಡ್ ಮುಟ್ಟೋ ಉದ್ದನೆ ರಸ್ತೆ ನಮ್ಮಲ್ಲಿ ಒಂದೇ ಇರೋದು. ಐದು ನಿಮಿಷ ಓಡಿಸಿ ಚಾರ್ಜ್ ಮಾಡಿದ್ರೆ 1,725, ಅಂದ್ರೆ ನಿಮಿಷಕ್ಕೆ 345. ಒಂದು ಚಿಕ್ಕ ಗೇರಿಂದ! ಹಾಗಂತ ತೀರಾ ಚಿಕ್ಕದು ಹಾಕಿದ್ರೂ ಕಷ್ಟ, ಮೋಟರ್ ಕಿರುಚ್ತಾ ಇರುತ್ತೆ, ಕಾರು ಮುಂದೆ ಹೋಗಲ್ಲ. ಗೇರ್ ಸರಿಯಿದ್ಯಾ ಅಂತ ನೋಡೋಕೆ ಓಡಿಸಿದ ತಕ್ಷಣ ಮೋಟರ್ ಬಿಸಿ ನೋಡ್ಬೇಕು. ಕೋವಿಡ್ ಟೈಮಲ್ಲಿ ತಂದಿದ್ದ ಹಣೆಗೆ ಹಿಡಿಯೋ ಥರ್ಮಾಮೀಟರ್ ಹಿಡಿದೆ, ಅದು 'ಹೈ' ಅಂತ ತೋರ್ಸಿ ಸುಮ್ಮನಾಯ್ತು. ಜ್ವರ ಬಂದಿದೆ ಅಂದ್ಕೊಂಡಿರಬೇಕು. ಮೋಟರ್ ಮೇಲೆ ಬೆರಳು ಎರಡು ಮೂರು ಸೆಕೆಂಡೂ ಇಡೋಕೆ ಆಗ್ತಿಲ್ಲ ಅಂದ್ರೆ ಪಿನಿಯನ್ ಇನ್ನೂ ಚಿಕ್ಕದು ಬೇಕು ಅಂತ ಲೆಕ್ಕ.

ಬ್ಯಾಟರೀನ ಎರಡು ಸೆಲ್‌ನಿಂದ ಮೂರು ಸೆಲ್‌ಗೆ ಏರಿಸಿದ್ರೆ ಜಾಸ್ತಿ ಹೊತ್ತು ಓಡುತ್ತೆ ಅಂತ ಕೆಲವರು ಹೇಳ್ತಾರೆ. ಅದೇ ಗೇರಲ್ಲಿ ಮೂರು ಸೆಲ್ ಹಾಕಿದ್ರೆ ಕಾರಿನ ವೇಗ ಏರುತ್ತೆ, ಕರೆಂಟೂ ಏರುತ್ತೆ, ಕಂಟ್ರೋಲರ್ ತಡೀದೇ ಇದ್ರೆ ಅದೂ ಹೋಗುತ್ತೆ. ಓಡೋ ಸಮಯ ಅಲ್ಲ ಸಿಗೋದು.

ಎರಡನೇದು ಘರ್ಷಣೆ. ಪಿನಿಯನ್ ಬಿಚ್ಚಿ ಕಾರನ್ನ ಕೈಲಿ ಮೆಲ್ಲಗೆ ತಳ್ಳಿ ನೋಡಿ, ಎಷ್ಟು ದೂರ ತಾನಾಗಿ ಉರುಳುತ್ತೆ ಅಂತ. ನಂದು ಮೂರು ಅಡೀನೂ ಹೋಗ್ಲಿಲ್ಲ. ಮುಂದಿನ ಬಲಗಡೆ ಚಕ್ರದ ಬೇರಿಂಗ್ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಕಾರನ್ನ ನಲ್ಲಿ ಕೆಳಗೆ ತೊಳೆದಿದ್ದು ನಾನೇ, ತುಕ್ಕು ಬೇರೆ. ಎಸ್.ಪಿ. ರೋಡಿಗೆ ಹೋಗಿ ಅದೇ ಅಳತೆಯ ಬೇರಿಂಗ್ ತಂದೆ. ಇನ್ನೊಂದು, ಪಿನಿಯನ್ನೂ ಸ್ಪರ್ರೂ ತೀರಾ ಬಿಗಿಯಾಗಿ ಕಚ್ಕೊಂಡಿದ್ವು. ಇದಕ್ಕೆ ಹಳೇ ಉಪಾಯ ಇದೆ: ಎರಡರ ಮಧ್ಯೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು, ಒತ್ತಿ ಹಿಡಿದು ಮೋಟರ್ ಸ್ಕ್ರೂ ಬಿಗಿ ಮಾಡಿ, ಹಾಳೆ ಎಳೆದುಬಿಡಿ. ಆ ಹಾಳೆ ದಪ್ಪದಷ್ಟು ಜಾಗ ಸಾಕು. ಜೊತೆಗೆ ರಿಮೋಟಲ್ಲಿ ಥ್ರಾಟಲ್ ಟ್ರಿಮ್ ಸೊನ್ನೇಲಿದ್ಯಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸರ್ವೋ ಗುಂಯ್‌ಗುಡುತ್ತಾ ಅಂತಾನೂ ನೋಡ್ಕೊಳ್ಳಿ. ಇಷ್ಟಾದ್ಮೇಲೆ ನಿಮಿಷಕ್ಕೆ 325.

333 ದಾಟಿ ಆಯ್ತು, ಇಲ್ಲಿಗೇ ನಿಲ್ಲಿಸಬಹುದಿತ್ತು. ಆದ್ರೆ ನನ್ನ ಪ್ಯಾಕ್ ಮೇಲೆ ನಂಗೆ ನಂಬಿಕೆ ಇರ್ಲಿಲ್ಲ. ಅದರದ್ದೂ ಒಂದು ಕಥೆ. ಮಾರ್ಚ್ ಎಂಡಲ್ಲಿ ನಾನು ಒಂದೆರಡು ಅಂಗಡಿಗಳ ಲೆಕ್ಕ ಬರೆದು ಕೊಡ್ತೀನಿ, ಪಾಡ್‌ಕಾಸ್ಟ್ ಒಂದರಲ್ಲೇ ಹೊಟ್ಟೆ ತುಂಬಲ್ಲ ನೋಡಿ. ಆ ಗಲಾಟೇಲಿ ಫುಲ್ ಚಾರ್ಜ್ ಮಾಡಿದ್ದ ಬ್ಯಾಟರೀನ ಒಂದೂವರೆ ತಿಂಗಳು ಬೀರು ಮೇಲೆ ಹಾಗೇ ಬಿಟ್ಟಿದ್ದೆ, ಅದೂ ಬೇಸಿಗೇಲಿ. ಲೈಪೋನ ಎತ್ತಿಡೋದಾದ್ರೆ ಸೆಲ್‌ಗೆ 3.8 ವೋಲ್ಟ್ ಆಸುಪಾಸಲ್ಲಿ ಇಡ್ಬೇಕು. ಚಾರ್ಜರಲ್ಲಿ 'ಸ್ಟೋರೇಜ್' ಅಂತ ಒಂದು ಬಟನ್ನೇ ಇರುತ್ತೆ. ಫುಲ್ಲಾಗಿಟ್ರೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ಆಮೇಲೆ ಟ್ರಿಗರ್ ಒತ್ತಿದಾಗೆಲ್ಲ ವೋಲ್ಟೇಜ್ ಕುಸಿದು ಕಟ್‌ಆಫ್ ಬೇಗ ಬರುತ್ತೆ. ನನಗೆ 10 ನಿಮಿಷಕ್ಕೇ ಕಾರು ನಿಂತಿದ್ದರಲ್ಲಿ ಅದರ ಪಾಲೂ ಇದೆ.

ಉಳಿದಿದ್ದು ನನ್ನ ಬೆರಳು. ಇದು ಎಲ್ಲಕ್ಕಿಂತ ಕಷ್ಟ. ನಾನು ಓಡಿಸ್ತಿದ್ದ ರೀತಿ ನಮ್ಮೂರಿನ ಟ್ರಾಫಿಕಲ್ಲಿ ಬೈಕ್ ಓಡ್ಸೋ ಹಾಗೆ: ಫುಲ್ ಥ್ರಾಟಲ್, ಗಪ್ಪಂತ ಬ್ರೇಕ್, ಮತ್ತೆ ಫುಲ್. ಗೆಳೆಯ ಮಾತಾಡೋಕೆ ಶುರು ಮಾಡಿದ್ಮೇಲೆ ಪಕ್ಕದಲ್ಲಿ ನಿಂತು ಫೋನಲ್ಲಿ ನನ್ನ ಲ್ಯಾಪ್ ಟೈಮ್ ಹಿಡಿದ. "ತಿರುವಿಗೆ ಮುಂಚೆ ಟ್ರಿಗರ್ ಬಿಡೋ, ಅದೇ ಉರುಳ್ಕೊಂಡು ಹೋಗ್ಲಿ. ಆಚೆ ಬಂದ್ಮೇಲೆ ಮೆಲ್ಲಗೆ ಒತ್ತು" ಅಂದ. ಮೊದಲ ದಿನ ನಂಗೆ ನಿದ್ದೆ ಬರೋ ಹಾಗಾಯ್ತು, ಅಷ್ಟು ನಿಧಾನ ಅನ್ನಿಸ್ತು. ಫೋನ್ ನೋಡಿದ್ರೆ 21.3 ಸೆಕೆಂಡ್. ನಂಬ್ಲಿಲ್ಲ, ಇನ್ನೊಂದ್ಸಲ ಹಿಡಿಯೋಕೆ ಹೇಳ್ದೆ. ಮತ್ತೆ 21.3. ಐದು ನಿಮಿಷಕ್ಕೆ 1,460 ಎಂಎಎಚ್, ನಿಮಿಷಕ್ಕೆ 292.

ಒಂದು ಮಾತು, ಇವನ್ನೆಲ್ಲ ಒಟ್ಟಿಗೆ ಬದಲಾಯಿಸ್ಬೇಡಿ. ಒಂದು ಬದಲಾವಣೆ, ಐದು ನಿಮಿಷ, ಚಾರ್ಜರ್ ನಂಬರ್ ಬರ್ಕೊಳ್ಳೋದು, ಆಮೇಲೆ ಮುಂದಿನದು. ಇಲ್ಲಾಂದ್ರೆ ಯಾವುದರಿಂದ ಉಳೀತು ಅಂತ ಗೊತ್ತಾಗಲ್ಲ.

ಹೋದ ಭಾನುವಾರ ಫೈನಲ್. ನನ್ನ ಹಳೇ ಪ್ಯಾಕು, ಕಟ್‌ಆಫ್ ಆನ್. ಮೊದಲ ನಾಲ್ಕು ನಿಮಿಷ ಐದನೇ ಜಾಗ. ಮುಂದಿನವರು ಟ್ರಿಗರ್ ಒತ್ಕೊಂಡು ಹೋಗ್ತಿದ್ರೆ ಬೆರಳು ತುರಿಸ್ತಿತ್ತು, ಸುಳ್ಳು ಹೇಳಲ್ಲ. ಹತ್ತನೇ ನಿಮಿಷಕ್ಕೆ ಒಂದು ಕಾರು ಮಂಕಾಯ್ತು, ಆಮೇಲೆ ಇನ್ನೊಂದು. ಹಿಂದಿನ ಸಲ 30 ಲ್ಯಾಪಿಗೆ ನಿಂತಿದ್ದೋನು ಈ ಸಲ 33 ಮುಗಿಸ್ದೆ, ಮೂರನೇ ಜಾಗ. ಮನೆಗೆ ಬಂದು, ಬಾಲ್ಕನೀಲಿ ಮಣ್ಣಿನ ಕುಂಡದೊಳಗೆ ಇಟ್ಟು, ಪಕ್ಕದಲ್ಲೇ ಕೂತು ಚಾರ್ಜ್‌ಗೆ ಹಾಕ್ದೆ. ಅಮ್ಮ ಬಾಗಿಲಲ್ಲಿ ನಿಂತು, "ಇವತ್ತೂ ಉಬ್ಬುತ್ತೇನೋ ಅದು?" ಅಂದ್ರು. ಇಲ್ಲಮ್ಮ ಅಂದೆ. ಸ್ಕ್ರೀನ್ ಮೇಲೆ 3,540ಕ್ಕೆ ಬಂದು ನಿಲ್ತು.

ಗೆಲ್ಲೋನು ಯಾರು ಅಂತ ಕೇಳಿದ್ರಾ? ನನ್ನ ಗೆಳೆಯ. ನಾನು ತಂದುಕೊಟ್ಟ ಬ್ಯಾಟರೀಲಿ.